ಆರ್‌ಜಿಡಿ ಪೆಪ್ಟೈಡಿಗೆ ಸೈ-5 ಬಣ್ಣ ಜೋಡಿಸಿದ ಮೇಲೆ ಎಲ್ಲ ಜೀವಕೋಶಗಳೂ ಹೊಳೆಯುತ್ತಿವೆ: ತಪ್ಪು ಎಲ್ಲಿರಬಹುದು?

ತುಂಗಾತೀರ (ಪ್ರಶ್ನೆ ಕೇಳಿದವರು)

ಸದಸ್ಯರೆಲ್ಲರಿಗೂ ನಮಸ್ಕಾರ. ನಾನು ರಸಾಯನಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿರುವ ಮೂರನೆಯ ವರ್ಷದ ವಿದ್ಯಾರ್ಥಿನಿ. ಗಡ್ಡೆಗೆ ರಕ್ತ ಒದಗಿಸಲು ಹೊಸದಾಗಿ ಕವಲೊಡೆಯುವ ರಕ್ತನಾಳಗಳ ಮೇಲೂ ಕೆಲವು ಬಗೆಯ ಕ್ಯಾನ್ಸರ್ ಜೀವಕೋಶಗಳ ಮೇಲೂ ಹೇರಳವಾಗಿ ಕಾಣಿಸುವ ಆಲ್ಫಾ-ವಿ ಬೀಟಾ-3 ಎಂಬ ಇಂಟಿಗ್ರಿನ್ ಗ್ರಾಹಕವನ್ನು (ಜೀವಕೋಶದ ಮೇಲ್ಮೈಯ ಪ್ರೋಟೀನನ್ನು) ಗುರುತಿಸುವ ಪೆಪ್ಟೈಡೊಂದನ್ನು, ಅಂದರೆ ಅಮೈನೊ ಆಮ್ಲಗಳ ಕಿರುಸರಪಳಿಯನ್ನು ತಯಾರಿಸಿ, ಅದಕ್ಕೆ ಪ್ರತಿದೀಪ್ತಿಯ (ಬೆಳಕು ಬಿದ್ದಾಗ ಹೊಳೆಯುವ) ಬಣ್ಣ ಜೋಡಿಸುವುದು ನನ್ನ ಕೆಲಸದ ಮೊದಲ ಘಟ್ಟ. ಪೆಪ್ಟೈಡ್ ಹೊಸದೇನಲ್ಲ, ಆರ್ಜಿನೀನ್, ಗ್ಲೈಸೀನ್, ಆಸ್ಪಾರ್ಟಿಕ್ ಆಮ್ಲ, ಡಿ-ಫೀನೈಲ್‌ಅಲನೀನ್, ಲೈಸೀನ್ ಈ ಐದೂ ಬಳೆಯಂತೆ ಕೂಡಿಕೊಂಡಿರುವ, ಎಲ್ಲರೂ ಬಲ್ಲ ಆವರ್ತ ಆರ್‌ಜಿಡಿಎಫ್‌ಕೆ (ಆ ಐದರ ಏಕಾಕ್ಷರ ಸಂಕೇತಗಳು; ಆರ್‌ಜಿಡಿ ಎಂದರೆ ಮೊದಲ ಮೂರು).

ಪೆಪ್ಟೈಡ್ ಚೆನ್ನಾಗಿಯೇ ಬಂದಿದೆ. ಮಿಶ್ರಣವನ್ನು ಬೇರ್ಪಡಿಸಿ ತೋರಿಸುವ ಎಚ್‌ಪಿಎಲ್‌ಸಿಯಲ್ಲಿ ಒಂದೇ ಶಿಖರವಿದೆ, ಅಣುತೂಕ ತೋರಿಸುವ ಮಾಸ್ ಸ್ಪೆಕ್ಟ್ರಮ್‌ನಲ್ಲಿ 604.3 ಸಿಕ್ಕಿದೆ. ತೊಂದರೆ ಶುರುವಾದದ್ದು ಬಣ್ಣ ಜೋಡಿಸುವಾಗ. ಶುದ್ಧೀಕರಿಸಿ ಲೈಯೊಫಿಲೈಜರ್‌ನಲ್ಲಿ ಒಣಗಿಸಿದ 2 ಮಿಲಿಗ್ರಾಂ ಪೆಪ್ಟೈಡನ್ನು ಡಿಎಂಎಫ್ ದ್ರಾವಕದಲ್ಲಿ ಕರಗಿಸಿ, ಒಂದು ಸಮಪಾಲು (ಪೆಪ್ಟೈಡಿನಷ್ಟೇ ಮೋಲ್) ಡಿಐಪಿಇಎ ಎಂಬ ಪ್ರತ್ಯಾಮ್ಲ ಸೇರಿಸಿ, ಫ್ರೀಜರ್‌ನಲ್ಲಿದ್ದ ಸೈ-5 ಎನ್‌ಎಚ್‌ಎಸ್ ಎಸ್ಟರನ್ನು (ಅಮೈನಿಗೆ ಅಂಟಿಕೊಳ್ಳುವ ರೂಪದ ಬಣ್ಣವನ್ನು) 1.1 ಸಮಪಾಲು ಹಾಕಿ, ಅಲ್ಯೂಮಿನಿಯಂ ಹಾಳೆ ಸುತ್ತಿ ರಾತ್ರಿಯಿಡೀ ಕಲಕಿದೆ. ಬೆಳಗ್ಗೆ ನೋಡಿದರೆ ಎಚ್‌ಪಿಎಲ್‌ಸಿಯಲ್ಲಿ ಒಂದಕ್ಕೊಂದು ಅಂಟಿಕೊಂಡ ಎರಡು ನೀಲಿ ಶಿಖರಗಳಿದ್ದವು. ಬೇಕಾದ ಉತ್ಪನ್ನ ಐದರಲ್ಲಿ ಒಂದು ಪಾಲೂ ಇರಲಿಲ್ಲ. ಎರಡನ್ನೂ ಪೂರ್ತಿ ಬೇರ್ಪಡಿಸಲು ಆಗದೆ, ಮಧ್ಯದ ಭಾಗವನ್ನು ತೆಗೆದಿಟ್ಟು ಜೀವಕೋಶಗಳ ಮೇಲೆ ಪ್ರಯೋಗಿಸಿದೆ. ಗ್ರಾಹಕ ಹೆಚ್ಚಾಗಿರುವ ಯು-87 (ಮೆದುಳಿನ ಗಡ್ಡೆಯ) ಜೀವಕೋಶಗಳೂ ಹೊಳೆದವು, ಗ್ರಾಹಕ ಬಹಳ ಕಡಿಮೆಯಿರುವ ಎಂಸಿಎಫ್-7 (ಸ್ತನ ಕ್ಯಾನ್ಸರಿನ) ಜೀವಕೋಶಗಳೂ ಹೆಚ್ಚುಕಡಿಮೆ ಅಷ್ಟೇ ಹೊಳೆದವು. ಮಾರ್ಗದರ್ಶಕರು ಚಿತ್ರ ನೋಡಿ, "ಎಲ್ಲವೂ ಹೊಳೆದರೆ ಏನೂ ಹೊಳೆಯದಿದ್ದ ಹಾಗೆಯೇ" ಎಂದರು. ಪೆಪ್ಟೈಡ್ ತಪ್ಪೋ, ಬಣ್ಣ ತಪ್ಪೋ, ನನ್ನ ಕೈ ತಪ್ಪೋ ತಿಳಿಯದಾಗಿದೆ.

ರೆಸಿನ್‌ಮಣಿ

ತುಂಗಾತೀರ ಅವರೇ, ಪೆಪ್ಟೈಡ್ ತಪ್ಪಿಲ್ಲ. ಮೊದಲು ಎರಡು ಪ್ರಶ್ನೆ. ಒಂದು, ಪೆಪ್ಟೈಡಿನ ಮೋಲ್ ಲೆಕ್ಕವನ್ನು ಯಾವ ಅಣುತೂಕದಿಂದ ಮಾಡಿದಿರಿ? ಎರಡು, ಆ ಡಿಎಂಎಫ್ ಸೀಸೆಯನ್ನು ತೆರೆದು ಎಷ್ಟು ಕಾಲವಾಯಿತು?

ತುಂಗಾತೀರ

ಅಣುತೂಕ 604 ಎಂದು ಹಿಡಿದೆ, ಸರ್. ಡಿಎಂಎಫ್ ಸೀಸೆ ನಾನು ಪ್ರಯೋಗಾಲಯಕ್ಕೆ ಸೇರುವ ಮುಂಚಿನಿಂದಲೂ ಅಲ್ಲಿದೆ. ಪೆಪ್ಟೈಡ್ ಕಟ್ಟುವಾಗ ಬಳಸಿದ್ದು ಹೊಸ ಡ್ರಮ್ಮಿನದು. ಬಣ್ಣಕ್ಕೆ ಸ್ವಲ್ಪವೇ ಸಾಕಲ್ಲ ಎಂದು ಈ ಚಿಕ್ಕ ಸೀಸೆ ತೆಗೆದುಕೊಂಡೆ.

ರೆಸಿನ್‌ಮಣಿ

ಹಾಗಾದರೆ ಅರ್ಧ ಉತ್ತರ ಅಲ್ಲಿಯೇ ಇದೆ.

ಎಚ್‌ಪಿಎಲ್‌ಸಿಯ ದ್ರಾವಕದಲ್ಲಿ ಶೇ. 0.1ರಷ್ಟು ಟ್ರೈಫ್ಲೂರೋಅಸಿಟಿಕ್ ಆಮ್ಲ (ಟಿಎಫ್‌ಎ) ಇರುವುದರಿಂದ, ಒಣಗಿದ ಮೇಲೆ ನಿಮ್ಮ ಕೈಗೆ ಬರುವ ಬಿಳಿ ಹತ್ತಿಯಂಥ ಪದಾರ್ಥ ಬರೀ ಪೆಪ್ಟೈಡಲ್ಲ, ಅದರ ಟಿಎಫ್‌ಎ ಲವಣ. ಆರ್ಜಿನೀನಿಗೊಂದು, ಲೈಸೀನಿಗೊಂದು ಎಂದು ಎರಡು ಟಿಎಫ್‌ಎ ಅಣುಗಳು ಅಂಟಿಕೊಂಡರೆ ತೂಕ 604ಕ್ಕೆ 228 ಸೇರಿ 832 ಆಗುತ್ತದೆ. ನೀವು ತೂಗಿದ 2 ಮಿಲಿಗ್ರಾಂನಲ್ಲಿ ನಿಜವಾದ ಪೆಪ್ಟೈಡ್ ಸುಮಾರು 1.45 ಮಿಲಿಗ್ರಾಂ ಮಾತ್ರ, ತೇವಾಂಶ ಬೇರೆ. ಅಂದರೆ 1.1 ಸಮಪಾಲು ಎಂದುಕೊಂಡು ಹಾಕಿದ ಬಣ್ಣ ವಾಸ್ತವದಲ್ಲಿ 1.5 ಸಮಪಾಲಾಯಿತು. ಇದರ ಮೇಲೆ, ಬಣ್ಣವನ್ನು ಹಿಡಿಯಬೇಕಾದ ಲೈಸೀನಿನ ಅಮೈನು ಆಮ್ಲದಿಂದಾಗಿ ಪ್ರೋಟಾನ್ ಹೊತ್ತು ಕುಳಿತಿರುತ್ತದೆ; ಆ ಸ್ಥಿತಿಯಲ್ಲಿ ಅದು ಎಸ್ಟರಿನ ತಂಟೆಗೇ ಹೋಗುವುದಿಲ್ಲ. ಒಂದು ಸಮಪಾಲು ಡಿಐಪಿಇಎ ಆ ಲವಣವನ್ನು ಬಿಡಿಸುವುದಕ್ಕೇ ಸರಿಹೋಗುತ್ತದೆ, ಒಣಗಿಸುವಾಗ ಉಳಿದುಕೊಂಡ ಹೆಚ್ಚಿನ ಟಿಎಫ್‌ಎ ಇದ್ದರೆ ಅದಕ್ಕೂ ಸಾಲದು. ನಾನಾದರೆ ಐದಾರು ಸಮಪಾಲು ಹಾಕಿ, ಒಂದು ಹನಿಯನ್ನು ಒದ್ದೆ ಮಾಡಿದ ಪಿಎಚ್ ಕಾಗದಕ್ಕೆ ಮುಟ್ಟಿಸಿ, 8 ದಾಟಿದೆಯೆಂದು ಕಂಡ ಮೇಲೆಯೇ ಬಣ್ಣದ ಸೀಸೆಯ ಮುಚ್ಚಳ ತೆಗೆಯುತ್ತೇನೆ.

ಇನ್ನು ಡಿಎಂಎಫ್. ಹಳೆಯದಾದ ಡಿಎಂಎಫ್ ನಿಧಾನವಾಗಿ ಒಡೆದು ಡೈಮೀಥೈಲ್‌ಅಮೈನ್ ಬಿಡುತ್ತದೆ. ಹಳೆಯ ಸೀಸೆಗಳಲ್ಲಿ ಮೀನಿನ ವಾಸನೆ ಬರುವುದು ಅದರಿಂದಲೇ. ಫ್ಯೂಮ್‌ಹುಡ್‌ನೊಳಗೆ ಮುಚ್ಚಳ ಸಡಿಲಿಸಿದರೂ ತಿಳಿಯುತ್ತದೆ, ಮೂಗಿಟ್ಟು ನೋಡುವ ಅಗತ್ಯವಿಲ್ಲ. ಈ ಪುಟ್ಟ ಅಮೈನು ನಿಮ್ಮ ಪೆಪ್ಟೈಡಿಗಿಂತ ಚುರುಕಾಗಿ ಹೋಗಿ ಎನ್‌ಎಚ್‌ಎಸ್ ಎಸ್ಟರನ್ನು ಹಿಡಿದುಬಿಡುತ್ತದೆ. ಎರಡನೆಯ ನೀಲಿ ಶಿಖರದ ಮಾಸ್ ತೆಗೆದು ನೋಡಿ. ಅದು ಬಣ್ಣದ ಕಾರ್ಬಾಕ್ಸಿಲಿಕ್ ಆಮ್ಲದ ತೂಕವೇ ಆಗಿದ್ದರೆ ಎಸ್ಟರ್ ನೀರು ತಗುಲಿ ಒಡೆದಿದೆ ಎಂದರ್ಥ. ಅದಕ್ಕಿಂತ 27 ಹೆಚ್ಚಿದ್ದರೆ ಅದು ಡೈಮೀಥೈಲ್ ಅಮೈಡ್, ಕಳ್ಳ ಡಿಎಂಎಫ್ ಸೀಸೆಯಲ್ಲಿಯೇ ಇದ್ದಾನೆ.

ಹೊಸಗಣ್ಣು

ಅಡ್ಡ ಪ್ರಶ್ನೆಗೆ ಕ್ಷಮೆಯಿರಲಿ. ನಾನು ಎಂಎಸ್ಸಿ ವಿದ್ಯಾರ್ಥಿ. ನಮ್ಮಲ್ಲಿ ಪೆಪ್ಟೈಡ್ ಇನ್ನೂ ರೆಸಿನ್ (ಅದನ್ನು ಕಟ್ಟಿ ಬೆಳೆಸುವ ಮಣಿಗಳ) ಮೇಲಿರುವಾಗಲೇ ಅದರ ಅಮೈನು ತುದಿಗೆ ಎಫ್‌ಐಟಿಸಿ ಎಂಬ ಫ್ಲೋರೆಸೀನ್ ಬಣ್ಣ ಹಾಕುವಂತೆ ಹೇಳಿದ್ದಾರೆ. ಹಾಗೆ ಮಾಡಿದರೆ ಶುದ್ಧೀಕರಣದ ಈ ಗೋಳೆಲ್ಲ ತಪ್ಪುವುದಿಲ್ಲವೇ? ಹೆಚ್ಚಾಗಿ ಹಾಕಿದ ಬಣ್ಣವನ್ನು ತೊಳೆದುಬಿಟ್ಟರಾಯಿತಲ್ಲ?

ರೆಸಿನ್‌ಮಣಿ

ಕೇಳಿದ್ದು ಒಳ್ಳೆಯದಾಯಿತು. ತೊಳೆದುಬಿಡಬಹುದು ಎಂಬ ಆ ಒಂದು ಅನುಕೂಲಕ್ಕಾಗಿಯೇ ಈ ವಿಧಾನ ಹುಟ್ಟಿದ್ದು. 1963ರಲ್ಲಿ ಬ್ರೂಸ್ ಮೆರಿಫೀಲ್ಡ್ ಪಾಲಿಸ್ಟೈರೀನ್ ಮಣಿಗಳಿಗೆ ಮೊದಲ ಅಮೈನೊ ಆಮ್ಲವನ್ನು ಕಟ್ಟಿಹಾಕಿ, ಒಂದರ ಮೇಲೊಂದು ಸೇರಿಸುತ್ತ, ಪ್ರತಿ ಹಂತದಲ್ಲೂ ಉಳಿದದ್ದನ್ನು ಸೋಸಿ ತೊಳೆದು ತೆಗೆಯಬಹುದೆಂದು ತೋರಿಸಿದರು. 1984ರಲ್ಲಿ ಅವರಿಗೆ ನೊಬೆಲ್ ಬಂದದ್ದು ಇದಕ್ಕೇ. ಇಂದು ನಾವು ಹೆಚ್ಚಾಗಿ ಬಳಸುವುದು ಎಫ್‌ಮಾಕ್ ಎಂಬ ರಕ್ಷಕ ಗುಂಪನ್ನು. ಡಿಎಂಎಫ್‌ನಲ್ಲಿ ಶೇ. 20ರಷ್ಟು ಪಿಪೆರಿಡೀನ್ ಹಾಕಿ ಅದನ್ನು ತೆಗೆಯುತ್ತೇವೆ, ಮುಂದಿನ ಅಮೈನೊ ಆಮ್ಲವನ್ನು ಜೋಡಿಸುತ್ತೇವೆ, ಐದಾರು ಮಣಿಗಳನ್ನು ಚಿಕ್ಕ ಗಾಜಿನ ನಳಿಕೆಗೆ ಹಾಕಿ ನಿನ್‌ಹೈಡ್ರಿನ್ನಿನ ಕೈಸರ್ ಪರೀಕ್ಷೆ ಮಾಡುತ್ತೇವೆ. ಬಿಸಿ ಮಾಡಿದ ಮೇಲೆ ಮಣಿಗಳು ಕಡುನೀಲಿಯಾದರೆ ಇನ್ನೂ ಖಾಲಿ ಅಮೈನುಗಳಿವೆ, ಜೋಡಣೆ ಮುಗಿದಿಲ್ಲ. ತಿಳಿಹಳದಿಯಾಗಿಯೇ ಉಳಿದರೆ ಮುಂದೆ ಹೋಗಬಹುದು. ಕೊನೆಗೆ ಟಿಎಫ್‌ಎ ಹಾಕಿ ಬಿಡಿಸಿ, ಮಂಜಿನಷ್ಟು ತಣ್ಣಗಿರುವ ಈಥರಿಗೆ ಹನಿಹನಿಯಾಗಿ ಸುರಿದರೆ ಪೆಪ್ಟೈಡ್ ಬಿಳಿ ಮೋಡದಂತೆ ಒಡೆದು ಕೆಳಗಿಳಿಯುತ್ತದೆ.

ಆದರೆ ಎಫ್‌ಐಟಿಸಿಯನ್ನು ಕೊನೆಯ ಅಮೈನೊ ಆಮ್ಲದ ಅಮೈನಿಗೆ ನೇರವಾಗಿ ಹಾಕಬೇಡಿ. ಅಲ್ಲಿ ಉಂಟಾಗುವ ಥಯೋಯೂರಿಯಾ ಬಂಧ ಟಿಎಫ್‌ಎಯಲ್ಲಿ ಸುಮ್ಮನಿರದೆ ಒಳಕ್ಕೆ ಸುತ್ತಿಕೊಂಡು, ಬಣ್ಣದ ಜೊತೆಗೆ ಆ ಕೊನೆಯ ಅಮೈನೊ ಆಮ್ಲವನ್ನೂ ಕಿತ್ತುಕೊಂಡು ಹೋಗುತ್ತದೆ. ಪ್ರೋಟೀನಿನ ಅನುಕ್ರಮ ಓದಲು ಬಳಸುತ್ತಿದ್ದ ಎಡ್‌ಮನ್ ವಿಧಾನದ ರಸಾಯನವೇ ಇದು. ನಮಗೆ ಬೇಡವಾದ ಕಡೆ ನಡೆಯುತ್ತದೆ ಅಷ್ಟೆ. ನಡುವೆ ಅಮೈನೋಹೆಕ್ಸನೋಯಿಕ್ ಆಮ್ಲದ ಒಂದು ಕೊಂಡಿ ಇಟ್ಟರೆ ಸುತ್ತಿಕೊಳ್ಳಲು ಎಟುಕುವುದಿಲ್ಲ. ಅಥವಾ ಎಫ್‌ಐಟಿಸಿ ಬಿಟ್ಟು ಕಾರ್ಬಾಕ್ಸಿಫ್ಲೋರೆಸೀನ್ ಬಳಸಿ, ಅದು ಅಮೈಡ್ ಬಂಧ ಕಟ್ಟುತ್ತದೆ.

ತುಂಗಾತೀರ ಅವರ ಪೆಪ್ಟೈಡಿಗೆ ಈ ದಾರಿ ಸುಲಭವಲ್ಲ. ಅವರದು ಬಳೆ. ಸಾಮಾನ್ಯವಾಗಿ ಗ್ಲೈಸೀನನ್ನು ರೆಸಿನ್ನಿಗೆ ಕಟ್ಟಿ ಸರಪಳಿ ಬೆಳೆಸಿ, ರಕ್ಷಕ ಗುಂಪುಗಳು ಹಾಗೆಯೇ ಇರುವಂತೆ ಸೌಮ್ಯ ಆಮ್ಲದಿಂದ ಬಿಡಿಸಿ, ಬಹಳ ತೆಳುವಾದ ದ್ರಾವಣದಲ್ಲಿ ಎರಡು ತುದಿಗಳನ್ನು ಕೂಡಿಸುತ್ತಾರೆ. ದ್ರಾವಣ ದಪ್ಪವಾದರೆ ಒಂದರ ತಲೆ ಇನ್ನೊಂದರ ಬಾಲ ಹಿಡಿದು ಜೋಡಿಬಳೆಯಾಗುತ್ತದೆ. ಗ್ಲೈಸೀನಿನ ತುದಿಯಲ್ಲಿ ಮುಚ್ಚುವುದೇಕೆಂದರೆ, ಅದಕ್ಕೆ ಎಡ-ಬಲದ ಭೇದವಿಲ್ಲದ್ದರಿಂದ ಅಲ್ಲಿ ರೆಸಿಮೀಕರಣದ (ಎಡ-ಬಲ ರೂಪಗಳು ಬೆರೆತುಹೋಗುವ) ಭಯವಿಲ್ಲ.

ಇಲ್ಲಿಯೇ ಒಂದು ಮಾತು ಹೇಳದಿದ್ದರೆ ಮನಸ್ಸು ಕೇಳುವುದಿಲ್ಲ. ಐದರಲ್ಲಿ ಒಂದನ್ನು ಮಾತ್ರ ಡಿ-ರೂಪದಲ್ಲಿ, ಅಂದರೆ ಕನ್ನಡಿಬಿಂಬದ ರೂಪದಲ್ಲಿ, ಇಡುವುದರಿಂದ ಬಳೆ ಅಲ್ಲಿ ಬಾಗಿ, ಎದುರಿಗಿರುವ ಆರ್‌ಜಿಡಿ ಗ್ರಾಹಕಕ್ಕೆ ಒಪ್ಪುವ ಭಂಗಿಯಲ್ಲಿ ನಿಲ್ಲುತ್ತದೆ. ಯಾವ ಅಮೈನೊ ಆಮ್ಲ ಯಾವ ಕೋನಗಳಲ್ಲಿ ಬಾಗಬಲ್ಲದು ಎಂಬ ನಕ್ಷೆಯನ್ನು ಜಿ. ಎನ್. ರಾಮಚಂದ್ರನ್ ಮತ್ತು ಸಂಗಡಿಗರು ಮದರಾಸಿನಿಂದ ಪ್ರಕಟಿಸಿದ್ದೂ ಅದೇ 1963ರಲ್ಲಿ. ಮುಂದೆ ಅವರು ಬೆಂಗಳೂರಿನ ಐಐಎಸ್ಸಿಗೆ ಬಂದು ಅಣು ಜೈವಿಕಭೌತಶಾಸ್ತ್ರದ ವಿಭಾಗ ಕಟ್ಟಿದರು. ಕಟ್ಟುವ ವಿಧಾನವೂ ಬಾಗುವ ಲೆಕ್ಕವೂ ಒಂದೇ ವರ್ಷ ಬಂದದ್ದನ್ನು ನಾನು ಪ್ರತಿ ವರ್ಷ ತರಗತಿಯಲ್ಲಿ ಹೇಳುತ್ತೇನೆ, ವಿದ್ಯಾರ್ಥಿಗಳು ಪ್ರತಿ ವರ್ಷ ಗಡಿಯಾರ ನೋಡುತ್ತಾರೆ.

ನೀಲಿಸೀಸೆ

ರೆಸಿನ್‌ಮಣಿಯವರು ಪೆಪ್ಟೈಡಿನ ಕಡೆಯಿಂದ ಹೇಳಿದರು, ನಾನು ಬಣ್ಣದ ಕಡೆಯಿಂದ ಹೇಳುತ್ತೇನೆ. ತುಂಗಾತೀರ ಅವರೇ, ನೀವು ಬಳಸಿದ್ದು ಸಲ್ಫೋನೇಟ್ ಇರುವ ಸೈ-5 ಅಥವಾ ಇಲ್ಲದ್ದು? ಡಿಎಂಎಫ್‌ನಲ್ಲಿ ಸರಾಗವಾಗಿ ಕರಗಿತು, ನೀರು ಬೆರೆಸಿದಾಗ ಸೀಸೆಯ ಗೋಡೆಗೆ ನೀಲಿ ಹಿಡಿಯಿತು ಎನ್ನುವುದಾದರೆ ಅದು ಸಲ್ಫೋನೇಟ್ ಇಲ್ಲದ್ದು.

ಹಾಗಿದ್ದಲ್ಲಿ ಎಂಸಿಎಫ್-7 ಹೊಳೆದದ್ದರಲ್ಲಿ ಆಶ್ಚರ್ಯವಿಲ್ಲ. ಸಲ್ಫೋನೇಟ್ ಇಲ್ಲದ ಸೈ-5 ಧನ ಆವೇಶ ಹೊತ್ತ, ಜಿಡ್ಡಿನ ಕಡೆಗೆ ಒಲವಿರುವ ಅಣು. ಅಂಥ ಅಣುಗಳು ಯಾವ ಗ್ರಾಹಕದ ಅಪ್ಪಣೆಯೂ ಇಲ್ಲದೆ ಪೊರೆ ದಾಟಿ ಒಳಗೆ ಹೋಗಿ ಮೈಟೋಕಾಂಡ್ರಿಯಾದಲ್ಲಿ ನೆಲೆಸುತ್ತವೆ. ಸೂಕ್ಷ್ಮದರ್ಶಕದ ಚಿತ್ರವನ್ನು ಮತ್ತೊಮ್ಮೆ ನೋಡಿ: ಹೊಳಪು ಜೀವಕೋಶದ ಅಂಚಿನಲ್ಲಿದೆಯೋ, ನ್ಯೂಕ್ಲಿಯಸ್ಸಿನ ಸುತ್ತ ಎಳೆಎಳೆಯಾಗಿ ಹರಡಿದೆಯೋ? ಎಳೆಗಳಾಗಿದ್ದರೆ ನೀವು ನೋಡುತ್ತಿರುವುದು ಬಣ್ಣದ ಸ್ವಭಾವವನ್ನು, ಪೆಪ್ಟೈಡಿನದ್ದನ್ನಲ್ಲ. ಅದರಲ್ಲೂ ಪೆಪ್ಟೈಡ್ ಜೋಡಣೆಯಾಗದ ಬಣ್ಣ ನಿಮ್ಮ ಮಾದರಿಯಲ್ಲಿ ಬೆರೆತಿದೆ. 604 ತೂಕದ ಪೆಪ್ಟೈಡಿಗೆ ಹೆಚ್ಚುಕಡಿಮೆ ಅದರಷ್ಟೇ ತೂಕದ ಬಣ್ಣವನ್ನು ಕಟ್ಟಿದಾಗ ಯಾರು ಯಾರನ್ನು ಹೊತ್ತುಕೊಂಡು ಹೋಗುತ್ತಾರೆ ಎಂಬುದು ಮೊದಲೇ ತೀರ್ಮಾನವಾಗಿರುವುದಿಲ್ಲ. 1,50,000 ತೂಕದ ಪ್ರತಿಕಾಯಕ್ಕೆ ಬಣ್ಣ ಹಚ್ಚುವವರಿಗೆ ಈ ಚಿಂತೆ ಇಷ್ಟಿಲ್ಲ. ನಮಗೆ ಇದೇ ದೊಡ್ಡ ಚಿಂತೆ.

ಪರಿಹಾರವೇನೋ ಸರಳ, ಸಲ್ಫೋ-ಸೈ-5. ಋಣ ಆವೇಶದ ಸಲ್ಫೋನೇಟ್ ಗುಂಪುಗಳು ಬಣ್ಣವನ್ನು ನೀರಿನಲ್ಲಿ ಕರಗಿಸುತ್ತವೆ, ಪೊರೆಯಿಂದ ದೂರವಿಡುತ್ತವೆ, ಬಣ್ಣದ ಅಣುಗಳು ಒಂದರ ಮೇಲೊಂದು ಪೇರಿಸಿಕೊಂಡು ಹೊಳಪು ಕಳೆದುಕೊಳ್ಳುವುದನ್ನು ಕಡಿಮೆ ಮಾಡುತ್ತವೆ. ಎಚ್‌ಪಿಎಲ್‌ಸಿಯಲ್ಲಿ ಬಿಡಿ ಬಣ್ಣ ಬೇಗ ಹೊರಬಂದು, ಜೋಡಣೆಯಾದದ್ದರಿಂದ ಸಾಮಾನ್ಯವಾಗಿ ದೂರವೇ ನಿಲ್ಲುತ್ತದೆ.

ನಾವು ಈ ಬಣ್ಣವನ್ನು ಕೊಳ್ಳದೆ ಕೈಯಲ್ಲೇ ಮಾಡುತ್ತೇವೆ. 4-ಹೈಡ್ರಜೀನೋಬೆಂಜೀನ್ ಸಲ್ಫೋನಿಕ್ ಆಮ್ಲವನ್ನು 3-ಮೀಥೈಲ್-2-ಬ್ಯೂಟನೋನ್ ಜೊತೆ ಅಸಿಟಿಕ್ ಆಮ್ಲದಲ್ಲಿ ಕುದಿಸಿದರೆ ಫಿಶರ್ ವಿಧಾನದಲ್ಲಿ ಇಂಡೋಲೆನೀನ್ ಸಿಗುತ್ತದೆ. ಅದರ ಒಂದು ಪಾಲಿಗೆ ಮುಂದೆ ಎಸ್ಟರಾಗಬೇಕಾದ ಆಮ್ಲದ ಬಾಲವನ್ನೂ ಇನ್ನೊಂದು ಪಾಲಿಗೆ ಚಿಕ್ಕ ಆಲ್ಕೈಲ್ ಗುಂಪನ್ನೂ ಕಟ್ಟಿ, ಎರಡನ್ನೂ ಮಲೋನಾಲ್ಡಿಹೈಡ್ ಡೈಅನಿಲೈಡ್‌ನಿಂದ ಬೆಸೆಯಬೇಕು. ಇಟ್ಟಿಗೆ ಬಣ್ಣದ ಮಂಕು ದ್ರಾವಣ ಬಿಸಿಯೇರಿದಂತೆ ಹಸಿರಾಗಿ, ನೋಡನೋಡುತ್ತಿದ್ದಂತೆ ಶಾಯಿಯಂಥ ನೀಲಿಗೆ ತಿರುಗುವ ಆ ಗಳಿಗೆಗಾಗಿಯೇ ನಾನು ಈ ವೃತ್ತಿಯಲ್ಲಿದ್ದೇನೆ ಎಂದರೂ ಸರಿ. ಎರಡು ಬೇರೆ ಬೇರೆ ತುದಿಗಳನ್ನು ಬೆಸೆಯುವುದರಿಂದ ಅವುಗಳದೇ ಜೋಡಿಗಳೂ ಸೇರಿ ಮೂರು ನೀಲಿಗಳು ಹುಟ್ಟುತ್ತವೆ, ನಮಗೆ ಬೇಕಾದದ್ದು ಒಂದೇ; ಉಳಿದ ವಾರವೆಲ್ಲ ಕಾಲಮ್ಮಿನ ಮುಂದೆ ಕಳೆಯುತ್ತದೆ. ಬಾಲಕ್ಕೆ ಸಲ್ಫೋನೇಟ್ ಕಟ್ಟುವ ಇನ್ನೊಂದು ದಾರಿಯಲ್ಲಿ ಸಲ್ಟೋನ್‌ಗಳನ್ನು ಬಳಸುತ್ತಾರೆ. ಅವುಗಳಲ್ಲಿ 1,3-ಪ್ರೊಪೇನ್ ಸಲ್ಟೋನ್ ಸ್ವತಃ ಕ್ಯಾನ್ಸರ್‌ಕಾರಕವೆಂದು ಪ್ರಯೋಗಪ್ರಾಣಿಗಳಲ್ಲಿ ಸಾಬೀತಾದ ಪದಾರ್ಥ. ಕ್ಯಾನ್ಸರ್ ಹುಡುಕುವ ಬಣ್ಣಕ್ಕೆ ಕ್ಯಾನ್ಸರ್ ತರುವ ಸರಕು. ಕೈಗವಸು ಹಾಕಿಕೊಂಡು ನಗಬಹುದು.

ಹೊಸಗಣ್ಣು

ಹಾಗಾದರೆ ಫ್ಲೋರೆಸೀನ್ ಬಿಟ್ಟು ಇಷ್ಟು ಕಷ್ಟದ ಬಣ್ಣಗಳ ಹಿಂದೆ ಹೋಗುವುದಾದರೂ ಏಕೆ?

ನೀಲಿಸೀಸೆ

ಗಾಜಿನ ತಟ್ಟೆಯಲ್ಲಿ ಜೀವಕೋಶ ನೋಡುವುದಾದರೆ ಹೋಗಬೇಕಾಗಿಲ್ಲ. 1871ರಲ್ಲಿ ಅಡಾಲ್ಫ್ ಫಾನ್ ಬೇಯರ್ ತಯಾರಿಸಿದ ಫ್ಲೋರೆಸೀನ್ ಇಂದಿಗೂ ಅಗ್ಗದ, ಒಳ್ಳೆಯ ಬಣ್ಣ. ಆದರೆ ಅದು ಹಸಿರಿನಲ್ಲಿ ಹೊಳೆಯುತ್ತದೆ, ಆ ಬೆಳಕನ್ನು ಅಂಗಾಂಶದೊಳಗಿನ ಹಿಮೋಗ್ಲೋಬಿನ್ ನುಂಗಿಬಿಡುತ್ತದೆ. ಅಂಗಾಂಶಗಳು ತಾವಾಗಿಯೇ ಹಸಿರಿನಲ್ಲಿ ಮಂಕಾಗಿ ಹೊಳೆಯುವುದೂ ಉಂಟು. 650ರಿಂದ 900 ನ್ಯಾನೋಮೀಟರ್ ನಡುವೆ ಹಿಮೋಗ್ಲೋಬಿನ್ನಿನ ಹಾವಳಿ ತಗ್ಗಿ, ನೀರಿನದು ಇನ್ನೂ ಜೋರಾಗಿರುವುದಿಲ್ಲ. ಮೈ ಬೆಳಕಿಗೆ ಸ್ವಲ್ಪ ಬಾಗಿಲು ತೆರೆಯುವುದು ಅಲ್ಲಿ. ಸೈ-5 ಆ ಬಾಗಿಲ ಹೊಸ್ತಿಲಿನಲ್ಲಿದೆ, ಸೈ-7 ಒಳಗಿದೆ. 1959ರಿಂದಲೂ ಅಮೆರಿಕದಲ್ಲಿ ರೋಗಿಗಳಿಗೆ ಕೊಡಲು ಅನುಮತಿಯಿರುವ ಇಂಡೋಸಯನೀನ್ ಗ್ರೀನ್ 800ರ ಆಸುಪಾಸಿನಲ್ಲಿ ಕೆಲಸ ಮಾಡುತ್ತದೆ.

ಕೋಶಜಾಲ

ನಾನು ಜೀವಕೋಶ ಬೆಳೆಸುವ ಕಡೆಯವಳು. ರಸಾಯನ ಸರಿಯಾದ ಮೇಲೂ ನಿಮ್ಮ ಪ್ರಯೋಗ ಕೆಡಬಹುದಾದ ಒಂದು ಜಾಗವಿದೆ. ತೊಳೆಯಲು ಯಾವ ಬಫರ್ ಬಳಸಿದಿರಿ? ಸಾಮಾನ್ಯ ಪಿಬಿಎಸ್ ಎಂಬ ಫಾಸ್ಫೇಟ್ ಬಫರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಇರುವುದಿಲ್ಲ. ಇಂಟಿಗ್ರಿನ್ ಆರ್‌ಜಿಡಿಯನ್ನು ಹಿಡಿಯುವುದೇ ಲೋಹದ ಅಯಾನೊಂದನ್ನು ನಡುವೆ ಇಟ್ಟುಕೊಂಡು; ಆಸ್ಪಾರ್ಟಿಕ್ ಆಮ್ಲದ ಕಾರ್ಬಾಕ್ಸಿಲೇಟ್ ಹೋಗಿ ಕೂರುವುದು ಅದರ ಮೇಲೆಯೇ. ಆ ಅಯಾನನ್ನು ತೊಳೆದು ತೆಗೆದರೆ, ಅಥವಾ ಲೋಹದ ಅಯಾನುಗಳನ್ನು ಕಸಿದುಕೊಳ್ಳುವ ಇಡಿಟಿಎ ಹಾಕಿ ಜೀವಕೋಶಗಳನ್ನು ಎಬ್ಬಿಸಿದರೆ, ನಿಜವಾಗಿ ಅಂಟಿದ ಪೆಪ್ಟೈಡ್ ಬಿಟ್ಟುಹೋಗುತ್ತದೆ, ಸುಮ್ಮನೆ ಒಳಗೆ ನುಗ್ಗಿದ ಬಣ್ಣ ಉಳಿದುಕೊಳ್ಳುತ್ತದೆ. ಅಂದರೆ ಸತ್ಯವನ್ನು ತೊಳೆದು ಸುಳ್ಳನ್ನು ಚಿತ್ರ ತೆಗೆದಂತಾಗುತ್ತದೆ. ನಮ್ಮ ಪ್ರಯೋಗಾಲಯದಲ್ಲಿ ಎರಡು ತಿಂಗಳು ಹೀಗೆಯೇ ಕಳೆದಿದ್ದೇವೆ.

ಇನ್ನು ಹೋಲಿಕೆಯ ಮಾದರಿಗಳು. ನಿಮ್ಮ ಪ್ರಶ್ನೆಯಲ್ಲಿ ಅವು ಕಾಣಲಿಲ್ಲ. ಆಸ್ಪಾರ್ಟಿಕ್ ಆಮ್ಲದ ಪಕ್ಕದ ಗ್ಲೈಸೀನಿಗೆ ಬದಲು ಅಲನೀನ್ ಇಟ್ಟ ಆರ್‌ಎಡಿಎಫ್‌ಕೆ ಬಳೆಯನ್ನೂ ಮಾಡಿ, ಅದಕ್ಕೂ ಅದೇ ಬಣ್ಣ ಕಟ್ಟಿ. ಒಂದು ಮೀಥೈಲ್ ಗುಂಪಿನಷ್ಟೇ ವ್ಯತ್ಯಾಸ, ಆದರೆ ಗ್ರಾಹಕ ಅದನ್ನು ಮೂಸುವುದೂ ಇಲ್ಲ. ಬಿಡಿ ಬಣ್ಣವನ್ನು ಅಷ್ಟೇ ಸಾಂದ್ರತೆಯಲ್ಲಿ ಹಾಕಿದ ಒಂದು ಬಾವಿ (ಜೀವಕೋಶ ಬೆಳೆಸುವ ತಟ್ಟೆಯ ಗುಳಿ) ಇರಲಿ. ಬಣ್ಣವಿಲ್ಲದ ಪೆಪ್ಟೈಡನ್ನು ನೂರು ಪಟ್ಟು ಹೆಚ್ಚಾಗಿ ಮೊದಲೇ ಹಾಕಿ ಗ್ರಾಹಕಗಳನ್ನು ಮುಚ್ಚಿದ ಇನ್ನೊಂದು ಬಾವಿ ಇರಲಿ. ಅಲ್ಲಿ ಹೊಳಪು ಇಳಿಯದಿದ್ದರೆ ಆ ಹೊಳಪಿಗೂ ಗ್ರಾಹಕಕ್ಕೂ ಸಂಬಂಧವಿಲ್ಲ. ಸಾಂದ್ರತೆಯನ್ನು ತೂಕದಿಂದ ಅಳೆಯಬೇಡಿ, ಬಣ್ಣದ ಹೀರಿಕೆಯಿಂದ ಅಳೆಯಿರಿ. ಸೈ-5ರ ಮೋಲಾರ್ ಹೀರಿಕೆ 646 ನ್ಯಾನೋಮೀಟರ್‌ನಲ್ಲಿ ಸುಮಾರು 2,50,000. ಒಂದು ಸೆಂಟಿಮೀಟರ್ ಕ್ಯುವೆಟ್ಟಿನಲ್ಲಿ 0.5 ಬಂದರೆ 2 ಮೈಕ್ರೋಮೋಲಾರ್. ಎಂಸಿಎಫ್-7ರಲ್ಲಿ ಆಲ್ಫಾ-ವಿ ಬೀಟಾ-5 ಇರುತ್ತದೆ, ಆರ್‌ಜಿಡಿ ಅದನ್ನೂ ಅಷ್ಟಿಷ್ಟು ಹಿಡಿಯುತ್ತದೆ. ಆದ್ದರಿಂದ ಅಲ್ಲಿ ಪೂರ್ತಿ ಕತ್ತಲೆಯನ್ನು ನಿರೀಕ್ಷಿಸಬೇಡಿ.

ಕರಾವಳಿ_ಶಸ್ತ್ರವೈದ್ಯ

ಚರ್ಚೆಯನ್ನು ಆಸಕ್ತಿಯಿಂದ ಓದುತ್ತಿದ್ದೇನೆ. ಶಸ್ತ್ರಚಿಕಿತ್ಸೆಯ ಮೇಜಿನ ಬಳಿ ನಿಂತಿರುವವರಿಗೆ ಇದೆಲ್ಲ ಏಕೆ ಮುಖ್ಯವೆಂದು ಚಿಕ್ಕದಾಗಿ ಹೇಳುತ್ತೇನೆ. ಸ್ತನದ ಗಡ್ಡೆಯನ್ನು ಮಾತ್ರ ತೆಗೆದು ಸ್ತನವನ್ನು ಉಳಿಸುವಾಗ, ಅಂಚಿನಲ್ಲಿ ಕ್ಯಾನ್ಸರ್ ಉಳಿದಿದೆಯೇ ಎಂಬುದು ಪೆಥಾಲಜಿ ವರದಿ ಬಂದ ಮೇಲೆಯೇ ಖಚಿತವಾಗುತ್ತದೆ. ಉಳಿದಿದ್ದರೆ ಅದೇ ಹೆಣ್ಣುಮಗಳನ್ನು ಮತ್ತೆ ಮೇಜಿನ ಮೇಲೆ ಮಲಗಿಸಬೇಕು. 2024ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿದ ಪೆಗುಲಿಸಯನೀನ್ ಇದಕ್ಕಾಗಿಯೇ ಇರುವುದು. ಅದರಲ್ಲಿ ಬಣ್ಣವನ್ನೂ ಹೊಳಪು ಅಡಗಿಸುವ ಇನ್ನೊಂದು ಅಣುವನ್ನೂ ಪೆಪ್ಟೈಡೊಂದು ಹತ್ತಿರ ಹಿಡಿದಿಟ್ಟಿರುತ್ತದೆ. ಗಡ್ಡೆಯ ಬಳಿ ಹೆಚ್ಚಾಗಿರುವ ಕ್ಯಾಥೆಪ್ಸಿನ್ ಮೊದಲಾದ ಕಿಣ್ವಗಳು ಪೆಪ್ಟೈಡನ್ನು ಕತ್ತರಿಸಿದಾಗ ಮಾತ್ರ ಬಣ್ಣ ಹೊಳೆಯುತ್ತದೆ. ಗ್ರಾಹಕಕ್ಕೆ ಅಂಟುವುದಕ್ಕಿಂತ ಇದು ಬೇರೆಯೇ ತಂತ್ರ. ಆದರೆ ತೀವ್ರ ಅಲರ್ಜಿಯ ಅಪಾಯವಿದೆಯೆಂಬ ಕಟ್ಟುನಿಟ್ಟಿನ ಎಚ್ಚರಿಕೆಯೂ ಅದರ ಚೀಟಿಯ ಮೇಲಿದೆ.

ನಿಮ್ಮಂಥ ಚಿಕ್ಕ ಪೆಪ್ಟೈಡುಗಳಲ್ಲಿ ನಮಗೆ ಹಿಡಿಸುವ ಗುಣ, ಅವು ರಕ್ತದಿಂದ ಬೇಗ ತೊಲಗುವುದು. ಪ್ರತಿಕಾಯ ಹಾಕಿದರೆ ಹಿನ್ನೆಲೆ ತಿಳಿಯಾಗಲು ದಿನಗಟ್ಟಲೆ ಕಾಯಬೇಕು. ಹಿಡಿಸದ ಗುಣ, ಮೂತ್ರಪಿಂಡ ಮತ್ತು ಮೂತ್ರಕೋಶ ದೀಪಾವಳಿಯಂತೆ ಹೊಳೆಯುವುದು. ಆ ಪಕ್ಕದ ಗಡ್ಡೆ ಹುಡುಕುವುದಿದ್ದರೆ ಕಷ್ಟ. ಈ ಬೆಳಕಿನಿಂದ ಕಾಣುವ ಆಳವೂ ಕೆಲವು ಮಿಲಿಮೀಟರ್, ಹೆಚ್ಚೆಂದರೆ ಒಂದು ಸೆಂಟಿಮೀಟರ್.

ಆರ್‌ಜಿಡಿ ಬಳೆಯ ಹತ್ತಿರದ ಬಂಧುವಾದ ಸಿಲೆಂಗಿಟೈಡ್ ಗ್ಲಿಯೊಬ್ಲಾಸ್ಟೋಮಾ (ಮೆದುಳಿನ ಕ್ಯಾನ್ಸರ್) ರೋಗಿಗಳ ಮೂರನೆಯ ಹಂತದ ಪರೀಕ್ಷೆಯಲ್ಲಿ ಆಯುಷ್ಯ ಹೆಚ್ಚಿಸಲಿಲ್ಲವೆಂದು 2014ರಲ್ಲಿ ಪ್ರಕಟವಾಯಿತು. ಔಷಧವಾಗಿ ಸೋತದ್ದು ಗುರುತಾಗಿ ಗೆಲ್ಲಬಾರದೆಂದೇನಿಲ್ಲ. ಗುರುತು ಗ್ರಾಹಕದ ಬಳಿ ಸ್ವಲ್ಪ ಹೊತ್ತು ಕುಳಿತಿದ್ದರೆ ಸಾಕು, ಅದನ್ನು ಸೋಲಿಸಬೇಕಾಗಿಲ್ಲ.

ತುಂಗಾತೀರ

ಮೂರು ವಾರಗಳ ಮೇಲೆ ಬರೆಯುತ್ತಿದ್ದೇನೆ, ತಡವಾದದ್ದಕ್ಕೆ ಕ್ಷಮೆಯಿರಲಿ.

ಎರಡನೆಯ ಶಿಖರದ ಮಾಸ್ ತೆಗೆದೆ. ಬಣ್ಣದ ಆಮ್ಲಕ್ಕಿಂತ ಸರಿಯಾಗಿ 27 ಹೆಚ್ಚು. ರೆಸಿನ್‌ಮಣಿ ಸರ್, ಸೀಸೆಯ ಮುಚ್ಚಳ ಸಡಿಲಿಸಿದಾಗ ಮೀನುಪೇಟೆ ನೆನಪಾಯಿತು. ನೀಲಿಸೀಸೆಯವರು ಊಹಿಸಿದಂತೆ ಬಣ್ಣದಲ್ಲಿ ಸಲ್ಫೋನೇಟ್ ಇರಲಿಲ್ಲ, ಹಳೆಯ ಚಿತ್ರಗಳಲ್ಲಿ ಹೊಳಪು ಎಳೆಎಳೆಯಾಗಿಯೇ ಇದೆ. ಮೊದಲು ನೋಡಿದಾಗ ಅದನ್ನು ನಾನು ಇಂಟಿಗ್ರಿನ್ ಒಳಗೆ ಸೆಳೆದುಕೊಂಡ ಗುರುತೆಂದು ಭಾವಿಸಿ ವರದಿಯಲ್ಲಿ ಒಂದು ಪ್ಯಾರಾ ಬರೆದಿದ್ದೆ, ಅದನ್ನು ಅಳಿಸಿದ್ದೇನೆ.

ಹೊಸ ಡಿಎಂಎಫ್, ಸಲ್ಫೋ-ಸೈ-5, ಲವಣದ ತೂಕದ ಲೆಕ್ಕ ಮತ್ತು ಪಿಎಚ್ ಕಾಗದ, ಈ ನಾಲ್ಕನ್ನೂ ಸರಿಪಡಿಸಿಕೊಂಡು ಮಾಡಿದಾಗ ಎರಡೇ ಗಂಟೆಯಲ್ಲಿ ಪೆಪ್ಟೈಡಿನ ಶಿಖರ ಹೆಚ್ಚುಕಡಿಮೆ ಮಾಯವಾಯಿತು, ಬಿಡಿ ಬಣ್ಣ ದೂರದಲ್ಲಿ ಬೇರೆಯಾಗಿ ಬಂತು. ಆರ್‌ಎಡಿಎಫ್‌ಕೆ ಕೂಡ ಮಾಡಿದೆ. ಕ್ಯಾಲ್ಸಿಯಂ, ಮೆಗ್ನೀಷಿಯಂ ಇರುವ ಬಫರಿನಲ್ಲಿ ತೊಳೆದ ಮೇಲೆ ಯು-87 ಜೀವಕೋಶಗಳ ಅಂಚು ತೆಳುವಾಗಿ, ಆದರೆ ಸ್ಪಷ್ಟವಾಗಿ ಕಾಣುತ್ತಿದೆ. ಆರ್‌ಎಡಿ ಹಾಕಿದಲ್ಲಿ ಮತ್ತು ಬಣ್ಣವಿಲ್ಲದ ಪೆಪ್ಟೈಡಿನಿಂದ ಮುಚ್ಚಿದಲ್ಲಿ ಕತ್ತಲೆ. ಎಂಸಿಎಫ್-7ರಲ್ಲಿ ಮಂಕಾದ ಹೊಳಪಿದೆ, ಅದೂ ಮುಚ್ಚಿದಾಗ ಇಳಿಯುತ್ತದೆ. ಮೊದಲಿನ ಚಿತ್ರಗಳ ಝಗಮಗದ ಮುಂದೆ ಇವು ಸಪ್ಪೆ. ಮಾರ್ಗದರ್ಶಕರು ಮಾತ್ರ ಇವನ್ನೇ ಇಟ್ಟುಕೊಳ್ಳಲು ಹೇಳಿದ್ದಾರೆ. ಮುಂದಿನದು ಸೈ-7 ಮತ್ತು ಇಲಿಗಳು. ಪ್ರಾಣಿ ನೀತಿ ಸಮಿತಿಗೆ ಅರ್ಜಿ ಬರೆಯುತ್ತಿದ್ದೇನೆ.

ಹಳೆಯ ಡಿಎಂಎಫ್ ಸೀಸೆಯ ಮೇಲೆ "ಪಾತ್ರೆ ತೊಳೆಯಲು ಮಾತ್ರ" ಎಂದು ಚೀಟಿ ಅಂಟಿಸಿದ್ದೇನೆ.

ರೆಸಿನ್‌ಮಣಿ

ಸಂತೋಷ. ಆ ಚೀಟಿಯನ್ನು ನಂಬಬೇಡಿ, ಇವತ್ತೇ ವೇಸ್ಟ್ ಕ್ಯಾನಿಗೆ ಸುರಿದುಬಿಡಿ. ಮುಂದಿನ ವರ್ಷ ಸೇರುವ ವಿದ್ಯಾರ್ಥಿಯೂ ಸ್ವಲ್ಪವೇ ಸಾಕಲ್ಲ ಎಂದು ಆ ಚಿಕ್ಕ ಸೀಸೆಗೇ ಕೈ ಹಾಕುತ್ತಾನೆ.